ವಿಎಂಸಿ ಮಿಲ್ಲಿಂಗ್ ಮೆಷಿನ್‌ಗೆ ಹಾಕಿದ ಎನರ್ಜಿ ಮೀಟರ್ ತೀರಾ ಕಮ್ಮಿ ತೋರಿಸ್ತಿದೆ, ಯಾರಾದ್ರೂ ಹೇಳಿ

ಪೀಣ್ಯ_ಜಾಬ್‌ವರ್ಕ್: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಒಂದು ಪೀಸಿಗೆ ಎಷ್ಟು ಯೂನಿಟ್ ಕರೆಂಟ್ ಹೋಗುತ್ತೆ ಅಂತ ಬರೆದು ಕೊಡಿ ಅಂತ ಕಸ್ಟಮರ್ ಕೂತಿದ್ದಾರೆ. ಅದಕ್ಕೇ ವಿಎಂಸಿಗೆ ಹೊಸ ಮೀಟರ್ ಹಾಕಿಸಿದೆ. ಟೂಲ್ ತಿರುಗಿಸೋ ಸ್ಪಿಂಡಲ್ ನಿಂತಿದ್ದಾಗ 0.6 ಕಿಲೋವ್ಯಾಟ್, ಇಎನ್8 ಸ್ಟೀಲಿನ ಮುಖ ಸಪಾಟು ಮಾಡೋ ಫೇಸಿಂಗ್ ಹೊಡೆಯುವಾಗ 1. ಸಾಧ್ಯಾನೇ ಇಲ್ಲ! ಕ್ಲಾಂಪ್ ಮೀಟರ್ ಹಿಡಿದ್ರೆ 5 ಆಂಪ್ಸ್, ಕಟಿಂಗಲ್ಲಿ 7. ಮೀಟರ್ ಕೆಟ್ಟಿದೆ ಅಂತ ವಾಪಸ್ ಮಾಡ್ಲಾ? ನಾಳೆ ಸಂಜೆಯೊಳಗೆ ಶೀಟ್ ಕಳಿಸ್ಬೇಕು.

ಬೆಳಗಾವಿ_ಪವರ್‌ಪ್ಯಾಕ್: ಯಾವ ಮೀಟರ್, ವೈರಿಗೆ ಹಾಕೂ ಕರೆಂಟ್ ಟ್ರಾನ್ಸ್‌ಫಾರ್ಮರ್ (ಸಿಟಿ) ಎಷ್ಟರದು, ಎಲ್ಲಿ ಹಾಕೀರಿ, ಏನೂ ಬರದಿಲ್ಲಲ್ರಿ. ಹಿಂಗ ಕೇಳಿದ್ರ ಹೆಂಗ ಹೇಳೂದು?

ಡ್ರೈವ್_ರಿಪೇರಿ: ಮೀಟರ್ ಸರಿ ಇದೆ. 415 ವೋಲ್ಟ್ × 5 ಆಂಪ್ಸ್ × 1.732 ಅಂದ್ರೆ ಲೈನಿಂದ ಎಳೆಯೋದು ಒಟ್ಟು 3.6 ಕೆವಿಎ. ಅದರಲ್ಲಿ ನಿಜವಾಗಿ ಖರ್ಚಾಗೋದು 0.6 ಕಿಲೋವ್ಯಾಟ್ ಅಂದ್ರೆ ಅವೆರಡರ ಅನುಪಾತ, ಪವರ್ ಫ್ಯಾಕ್ಟರ್, 0.17. ಖಾಲಿ ಓಡೋ ಮೋಟರ್‌ಗಳು ಹಂಗೇ ಇರ್ತವೆ. ಕೆಪಾಸಿಟರ್ ಹಾಕಿಸಿ, ಆಂಪ್ಸ್ ತಾನಾಗೇ ಇಳಿಯುತ್ತೆ.

ಪೀಣ್ಯ_ಜಾಬ್‌ವರ್ಕ್: ಸಿಟಿ 60/5 (60 ಆಂಪ್ಸ್ ಹರಿದ್ರೆ ಮೀಟರಿಗೆ 5), ಮೀಟರಲ್ಲೂ 60/5 ಅಂತಾನೇ ಸೆಟ್ ಮಾಡಿದೀವಿ. ಸ್ಟೆಬಿಲೈಜರ್ ಆದ್ಮೇಲೆ ಹಾಕಿರೋದು.

ಮಾಚೇನಹಳ್ಳಿ_ಟರ್ನಿಂಗ್: ಸ್ಟೆಬಿಲೈಜರ್ ಆದ್ಮೇಲೆ ಹಾಕಿದ್ರೆ ಅದು ತಿನ್ನೋ ಕರೆಂಟ್ ಲೆಕ್ಕಕ್ಕೆ ಬರಲ್ಲ. ಅದರ ಹಿಂದೆ ಹಾಕಿ.

ಡ್ರೈವ್_ರಿಪೇರಿ: ಸ್ಟೆಬಿಲೈಜರ್ ತಿಂದ್ರೂ ಎಷ್ಟು ತಿನ್ನುತ್ತೆ? ಅವರ ಪ್ರಶ್ನೆ ಅದಲ್ಲ. ಕೆಪಾಸಿಟರ್.

ಮಾಚೇನಹಳ್ಳಿ_ಟರ್ನಿಂಗ್: ಮೋಟರ್ ವೇಗ ಬದಲಿಸೋ ಡ್ರೈವ್ ಇರೋ ಲೈನಿಗೆ ರಿಯಾಕ್ಟರ್ ಇಲ್ಲದೆ ಬರೀ ಕೆಪಾಸಿಟರ್ ಹಾಕ್ಬೇಡಿ ಅಂತ ಡ್ರೈವ್ ರಿಪೇರಿ ಮಾಡೋರಿಗೆ ನಾನು ಹೇಳ್ಬೇಕಾ? ಡ್ರೈವ್ ಎಬ್ಬಿಸೋ 5ನೇ, 7ನೇ ಹಾರ್ಮೋನಿಕ್ಸ್‌ಗೆ (ಲೈನ್ ಫ್ರೀಕ್ವೆನ್ಸಿಯ 5, 7 ಪಟ್ಟಿನ ಅಲೆಗಳಿಗೆ) ಕೆಪಾಸಿಟರ್ ಉಬ್ಬಿಹೋಗುತ್ತೆ. ಇನ್ನೊಂದು, ಕಟಿಂಗಲ್ಲಿ 7 ಆಂಪ್ಸ್ ಅಂದ್ರೆ 5 ಕೆವಿಎ. ಅಲ್ಲೂ 1 ಕಿಲೋವ್ಯಾಟ್ ಅಂದ್ರೆ ಪವರ್ ಫ್ಯಾಕ್ಟರ್ 0.2. ಲೋಡ್ ಬಿದ್ಮೇಲೂ ಅಷ್ಟೇ ಇರುತ್ತಾ?

ಡ್ರೈವ್_ರಿಪೇರಿ: ಅವರ ಕ್ಲಾಂಪ್ ಟ್ರೂ ಆರ್‌ಎಂಎಸ್ (ಅಂಕುಡೊಂಕು ಕರೆಂಟನ್ನೂ ಸರಿಯಾಗಿ ಅಳೆಯೋದು) ಅಲ್ದೇ ಇರಬಹುದು. ತಪ್ಪು ಆಂಪ್ಸ್ ತೋರಿಸ್ತಿದೆ.

ಮಾಚೇನಹಳ್ಳಿ_ಟರ್ನಿಂಗ್: ಡ್ರೈವ್ ಎಳೆಯೋ ಚೂಪು ಕರೆಂಟಿಗೆ ಸಾದಾ ಕ್ಲಾಂಪ್ ಕಮ್ಮಿ ತೋರಿಸುತ್ತೆ, ಜಾಸ್ತಿ ಅಲ್ಲ. ನಿಜದ ಆಂಪ್ಸ್ ಇನ್ನೂ ಜಾಸ್ತಿ ಇದ್ರೆ ಪವರ್ ಫ್ಯಾಕ್ಟರ್ ಇನ್ನೂ ಕಮ್ಮಿ ಬರುತ್ತೆ. ನಿಮ್ಮ ವಾದ ನಿಮಗೇ ತಿರುಗಿ ಬಿತ್ತು.

ಡೇಟಾ_ಲಾಗರ್: ಈ ಕಾಲದಲ್ಲಿ ಕ್ಲಾಂಪ್ ಹಿಡ್ಕೊಂಡು ಯಾಕೆ ನಿಲ್ತೀರಾ? ನಮ್ಮಲ್ಲಿ ಹನ್ನೊಂದು ಮೆಷಿನ್‌ಗೂ ಮೀಟರ್, ರೀಡಿಂಗ್ ತರೋಕೆ ಆರ್‌ಎಸ್-485 ಕೇಬಲಲ್ಲಿ ಮಾಡ್‌ಬಸ್, ಒಂದು ರಾಸ್ಪ್‌ಬೆರಿ ಪೈ ಪುಟ್ಟ ಕಂಪ್ಯೂಟರ್, ಗ್ರಫಾನಾ ಸಾಫ್ಟ್‌ವೇರಲ್ಲಿ ಸೆಕೆಂಡ್ ಸೆಕೆಂಡಿಗೆ ಗ್ರಾಫ್. ಟೂಲ್ ಸವೆದಿದ್ದೂ ಗ್ರಾಫಲ್ಲೇ ಗೊತ್ತಾಗುತ್ತೆ. ಬೇಕಾದ್ರೆ ಫೋಟೋ ಹಾಕ್ತೀನಿ.

ಹಳೇ_ಮೇಂಟೆನೆನ್ಸ್: ಫೋಟೋ ಆಮೇಲೆ ಹಾಕಿ. ಪೀಣ್ಯದವರೇ, ಮೀಟರಲ್ಲಿ ಬಟನ್ ಒತ್ತುತ್ತಾ ಹೋಗಿ, ಫೇಸ್ ಫೇಸ್‌ಗೆ ಕಿಲೋವ್ಯಾಟ್ ಬರುತ್ತೆ. ಮೂರನ್ನೂ ಇಲ್ಲಿ ಬರೀರಿ. ಚಿಹ್ನೆ ಸಮೇತ.

ಪೀಣ್ಯ_ಜಾಬ್‌ವರ್ಕ್: ಆರ್ 0.7, ವೈ 0.6, ಬಿ -0.7. ಆ ಗೆರೆ ಡಿಸ್‌ಪ್ಲೇದ್ದೇ ಅಂದ್ಕೊಂಡಿದ್ದೆ.

ಹಳೇ_ಮೇಂಟೆನೆನ್ಸ್: ಸಿಕ್ಕಿತು. ಬಿ ಫೇಸಿನ ಸಿಟಿ ತಿರುಗುಮುರುಗಾಗಿದೆ. ಒಂದು ಸಿಟಿ ತಿರುಗಿದ್ರೆ ಎರಡು ಫೇಸ್ ಕೂಡುತ್ತೆ, ಒಂದು ಕಳೆಯುತ್ತೆ. ಲೋಡ್ ಸಮವಾಗಿದ್ರೆ ನಿಜದ ಮೂರನೇ ಒಂದು ಭಾಗ ಮಾತ್ರ ಕಾಣುತ್ತೆ. ಎರಡು ಫೇಸಿನ ಸಿಟಿಗಳು ಅದಲುಬದಲಾಗಿದ್ರೆ ಸೊನ್ನೆ ಹತ್ತಿರ ಬರ್ತಿತ್ತು. ಮೆಷಿನ್ ಆಫ್ ಮಾಡಿ, ಮೇನ್ ಇಳಿಸಿ, ಆಮೇಲೆ ಬಿಚ್ಚಿ. ಸಿಟಿ ಮೇಲೆ ಪಿ1 ಅಂತ ಇರೋ ಮುಖ ಸಪ್ಲೈ ಕಡೆ ಇರ್ಬೇಕು. ಕರೆಂಟ್ ಹರೀತಿರುವಾಗ ಸಿಟಿ ವೈರ್ ಬಿಚ್ಚಿ ತೆರೆದು ಬಿಡಬೇಡಿ, ಅಪಾಯ.

ಪೀಣ್ಯ_ಜಾಬ್‌ವರ್ಕ್: ಸರ್, ಕೈ ಮುಗೀತೀನಿ. ಬಿ ಸಿಟಿ ಡಕ್ಟ್ ಹಿಂದೆ ಸಿಕ್ಕಿಕೊಂಡಿತ್ತು, ಅದರ ಮೇಲೆಲ್ಲ ಕೂಲೆಂಟ್ ಜಿಡ್ಡು. ಕಾಟನ್ ವೇಸ್ಟಲ್ಲಿ ಒರೆಸಿದ ಮೇಲೆ ಬಾಣದ ಗುರುತು ಕಂಡಿತು, ಉಲ್ಟಾನೇ ಇತ್ತು. ತಿರುಗಿಸಿದೆ. ಈಗ ಖಾಲಿ 2.0, ಕಟಿಂಗ್ 3.1.

ಹಳೇ_ಮೇಂಟೆನೆನ್ಸ್: ಅಷ್ಟಕ್ಕೇ ನಂಬಬೇಡಿ. ಬೇರೆಲ್ಲ ಆಫ್ ಮಾಡಿ, ಬೆಸ್ಕಾಂ ಮೀಟರಿನ ಕೆಂಪು ಲೈಟ್ ನಿಮಿಷಕ್ಕೆ ಎಷ್ಟು ಸಲ ಮಿಣುಕುತ್ತೆ ಎಣಿಸಿ. ಒಂದು ಯೂನಿಟಿಗೆ ಎಷ್ಟು ಅಂತ ಮೀಟರ್ ಮೇಲೇ ಬರೆದಿರುತ್ತೆ. 800 ಇದ್ರೆ, 2 ಕಿಲೋವ್ಯಾಟಿಗೆ 27 ಸಲ ಹತ್ತಿರ ಬರ್ಬೇಕು. ನಿಮ್ಮ ಹಳೇ 0.6ಕ್ಕೆ 8 ಬರ್ತಿತ್ತು.

ಪೀಣ್ಯ_ಜಾಬ್‌ವರ್ಕ್: 800ರದ್ದೇ. ಎರಡು ಸಲ ಎಣಿಸಿದೆ, 28, 28. ಸ್ಟೆಬಿಲೈಜರ್‌ದೂ ಸೇರಿರಬೇಕು. ಆದ್ರೆ ಏನೂ ಕಡಿಯದೇ 2 ಕಿಲೋವ್ಯಾಟ್ ಯಾಕೆ ಸರ್? ಲೋಡಿಂಗಿಗೆ ಹುಡುಗ ಎರಡು ನಿಮಿಷ ತಗೋತಾನೆ, ಊಟದ ಅರ್ಧ ಗಂಟೆಯೂ ಮೆಷಿನ್ ಆನ್ ಇರುತ್ತೆ.

ಹಳೇ_ಮೇಂಟೆನೆನ್ಸ್: ಮೆಷಿನ್ ಟೂಲ್ ಇರೋದೇ ಹಂಗೆ. 2006ರಲ್ಲಿ ಗುಟೋವ್ಸ್ಕಿ ಮತ್ತವರ ಜೊತೆಗಾರರು ಬರೆದ ಪೇಪರಲ್ಲಿ ಟೊಯೊಟಾದ ಒಂದು ಮೆಷಿನಿಂಗ್ ಲೈನಿನ ಲೆಕ್ಕ ಇದೆ. ಕಡಿಯೋಕೆ ಅಂತ ಹೋಗಿದ್ದು ಹೆಚ್ಚೆಂದ್ರೆ 14.8%. ನಿಮ್ಮದೇ ನೋಡಿ. ಸ್ಟೀಲಿಗೆ ಒಂದು ಘನ ಮಿಲಿಮೀಟರ್ ತೆಗೆಯೋಕೆ ಸುಮಾರು 3 ಜೌಲ್ ಅಂತಿಟ್ಕೊಳ್ಳಿ. ನಿಮಿಷಕ್ಕೆ 20 ಘನ ಸೆಂಟಿಮೀಟರ್ ತೆಗೆದ್ರೆ 1 ಕಿಲೋವ್ಯಾಟ್. ಮಿಕ್ಕಿದ್ದೆಲ್ಲ ಪಂಪು, ಫ್ಯಾನು, ಚಿಲ್ಲರ್, ಡ್ರೈವ್. ಕೂಲೆಂಟ್, ಚಿಪ್ ಕನ್ವೇಯರ್ ಎಲ್ಲ ಒಂದೊಂದಾಗಿ ಆಫ್ ಮಾಡಿ ರೀಡಿಂಗ್ ಎಷ್ಟೆಷ್ಟು ಇಳಿಯುತ್ತೆ ಬರೆದುಕೊಳ್ಳಿ.

ಡೇಟಾ_ಲಾಗರ್: ಇದೇ ನಮ್ಮ ಡ್ಯಾಶ್‌ಬೋರ್ಡಲ್ಲಿ ಕಲರ್ ಕಲರಾಗಿ ಬರುತ್ತೆ. ಅಂದಹಾಗೆ ಕಂಪ್ರೆಸರ್ ಗಾಳಿ ಈ ಮೀಟರಲ್ಲಿ ಬರಲ್ಲ, ಅದನ್ನ ಪೀಸಿಗೆ ಹೆಂಗೆ ಹಂಚ್ತೀರಾ? ನಾವು 15 ಎಚ್‌ಪಿ ಸ್ಕ್ರೂ ಕಂಪ್ರೆಸರ್‌ಗೆ ವಿಎಫ್‌ಡಿ (ವೇಗ ಬದಲಿಸೋ ಡ್ರೈವ್) ಹಾಕಿಸಿದೀವಿ.

ಪೀಣ್ಯ_ಜಾಬ್‌ವರ್ಕ್: ಆಫ್ ಮಾಡಿ ನೋಡಿದೆ. ಕೂಲೆಂಟ್ 0.4, ಕನ್ವೇಯರ್ 0.1. ಜಾಬ್ ಹಿಡಿಯೋ ಹೈಡ್ರಾಲಿಕ್ ಫಿಕ್ಸ್‌ಚರ್‌ನ ಪವರ್‌ಪ್ಯಾಕ್ (ಎಣ್ಣೆ ಪಂಪು, ಟ್ಯಾಂಕು) ಒಂದೇ 0.8.

ಬೆಳಗಾವಿ_ಪವರ್‌ಪ್ಯಾಕ್: ಪವರ್‌ಪ್ಯಾಕ್ ಐತಿ ಅಂತ ಈಗ ಹೇಳ್ತೀರಲ್ರಿ! ಜಾಬ್ ಹಿಡದ ಮ್ಯಾಲೂ ಪಂಪ್ ಓಡ್ತದೋ ಇಲ್ಲೋ? ಟ್ಯಾಂಕ್ ಮುಟ್ಟಿ ನೋಡ್ರಿ, ಬಿಸಿ ಇದ್ರ ಎಣ್ಣಿ ಹೆಚ್ಚಾದ ಪ್ರೆಶರ್ ಬಿಡೂ ರಿಲೀಫ್ ವಾಲ್ವಿನಾಗ ಹಾಯ್ದು ವಾಪಸ್ ಬೀಳಾಕತ್ತೈತಿ.

ಪೀಣ್ಯ_ಜಾಬ್‌ವರ್ಕ್: ಕೈ ಇಡೋಕಾಗಲ್ಲ ಅಷ್ಟು ಬಿಸಿ. ಇಡೀ ಶಿಫ್ಟ್ ಪಂಪ್ ಓಡ್ತಾನೇ ಇರುತ್ತೆ.

ಬೆಳಗಾವಿ_ಪವರ್‌ಪ್ಯಾಕ್: ಪ್ರೆಶರ್ ಕೂಡಿಡೂ ಅಕ್ಯುಮುಲೇಟರ್, ಎಣ್ಣಿ ಹಿಂದ ಹರಿಯದಂಗ ತಡಿಯೂ ಚೆಕ್ ವಾಲ್ವ್, ಪ್ರೆಶರ್ ಸ್ವಿಚ್ ಹಾಕಸ್ರಿ. ಪ್ರೆಶರ್ ಬಂದ ಕೂಡಲೇ ಪಂಪ್ ನಿಲ್ತೈತಿ, ಇಳದ್ರ ತಾನಾಗೇ ಚಾಲೂ ಆಗ್ತೈತಿ. ಪ್ರೆಶರ್ ಬಿದ್ರ ಸ್ಪಿಂಡಲ್ ನಿಲ್ಲೂ ಹಂಗ ಇಂಟರ್‌ಲಾಕ್ ಮಾತ್ರ ಬಿಡಬ್ಯಾಡ್ರಿ. ಸರ್ಕ್ಯೂಟಿನ ಚಿತ್ರ ಬರದು ರಾತ್ರಿ ಹಾಕ್ತೀನಿ.

ಪೀಣ್ಯ_ಜಾಬ್‌ವರ್ಕ್: ಹಾಕಿ ಸರ್, ಕಾಯ್ತಿರ್ತೀನಿ. ಶೀಟಿಗೆ ಸದ್ಯಕ್ಕೆ ಆರು ನಿಮಿಷ ಕಟಿಂಗ್ 0.31, ಎರಡು ನಿಮಿಷ ಲೋಡಿಂಗ್ 0.07, ಒಟ್ಟು 0.38 ಯೂನಿಟ್ ಅಂತ ಬರೀತಿದೀನಿ. ಕಂಪ್ರೆಸರ್‌ದು ಸೇರಿಲ್ಲ ಅಂತಾನೂ ಬರೀತೀನಿ. ಅದನ್ನ ಪೀಸಿಗೆ ಹಂಚೋ ದಾರಿ ಗೊತ್ತಿದ್ದೋರು ಹೇಳಿ.

ಡ್ರೈವ್_ರಿಪೇರಿ: ಈಗಲೂ ಖಾಲಿ ಇದ್ದಾಗ ಪವರ್ ಫ್ಯಾಕ್ಟರ್ 0.56 ಇದೆ, ನೋಡ್ಕೊಳ್ಳಿ.