ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ: ಸಸಿಗೆ ಎಷ್ಟು, ಹಣ ಒಂದೇ ಸಲ ಬರುತ್ತಾ?

ರಾಗಿಹೊಲ:
ಹೊಸದುರ್ಗದ ಕಡೆ ಕೆಂಪು ಮಣ್ಣಿನ ಖುಷ್ಕಿ, 2 ಎಕರೆ 20 ಗುಂಟೆ. ಸಿಲ್ವರ್ ಓಕ್ ಮತ್ತು ತೇಗ ಹಾಕೋ ಯೋಚನೆ ಇದೆ, ಆದರೆ ರಾಗಿ ಬಿಡೋಕಾಗಲ್ಲ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲೇ ಇದೆ. ಹೊಲದಲ್ಲಿ ಮರ ಬೆಳೆಸೋಕೆ ಅರಣ್ಯ ಇಲಾಖೆ ಹಣ ಕೊಡೋ ಈ ಯೋಜನೆಗೆ ಅರ್ಜಿ ಎಲ್ಲಿ ಕೊಡಬೇಕು? ಹಣ ಹೇಗೆ ಬರುತ್ತೆ?

ಬದುಮರ:
ಸಿಲ್ವರ್ ಕೈಬಿಡಿ ಸರ್, ಅದಕ್ಕೆ ಪ್ರೋತ್ಸಾಹಧನ ಇಲ್ಲ. ನೀಲಗಿರಿ, ಅಕೇಶಿಯಾ, ಗಾಳಿ ಮರ, ಸುಬಾಬುಲ್, ಗ್ಲಿರಿಸಿಡಿಯಾ, ರಬ್ಬರ್, ತೆಂಗು, ಅಡಿಕೆ, ನಿಂಬೆ ಜಾತಿಯ ಗಿಡಗಳು, ಕಸಿ ಮಾವು ಇವಕ್ಕೂ ಇಲ್ಲ. ತೇಗ, ಹೊಂಗೆ, ಬೇವು, ಹುಣಸೆ, ನೆಲ್ಲಿ, ಹಲಸು ಆಗುತ್ತೆ.

ಹಣ ಮೂರು ಕಂತು. ಬದುಕಿರುವ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ನೆಟ್ಟಿದ್ದಕ್ಕಲ್ಲ, ಉಳಿದಿದ್ದಕ್ಕೆ. ಹೆಕ್ಟೇರಿಗೆ 400 ಸಸಿ ಲೆಕ್ಕ, ನಿಮ್ಮದು ಹೆಚ್ಚುಕಮ್ಮಿ ಒಂದು ಹೆಕ್ಟೇರ್. 400ರಲ್ಲಿ ಮೂರು ವರ್ಷ ಕ್ರಮವಾಗಿ 320, 300, 290 ಉಳಿದರೆ 11,200 + 12,000 + 14,500, ಅಂದರೆ 37,700 ರೂಪಾಯಿ.

ಆದರೆ ರಾಗಿ ಬೇಕು ಅಂದರೆ 400 ಹಾಕಬೇಡಿ. 5 ಮೀಟರ್ ಚೌಕಕ್ಕೊಂದು ಗಿಡ ಬಂದು, ನಾಲ್ಕೈದು ವರ್ಷಕ್ಕೆ ನೆರಳು ರಾಗಿಯನ್ನು ತಿನ್ನುತ್ತೆ. ಬದುವಿನ ಮೇಲೆ 4 ಮೀಟರಿಗೊಂದು ಹಾಕಿ. ಚೌಕ ಹೊಲವಾದರೆ ಸುತ್ತಳತೆ 400 ಮೀಟರ್, 100 ಗಿಡ ಹಿಡಿಸುತ್ತೆ.

ಕಾಗದಪತ್ರ:
ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಪಹಣಿ ಜಂಟಿಯಾಗಿ ಬಂದರೆ ಅಣ್ಣತಮ್ಮಂದಿರ ಒಪ್ಪಿಗೆ ಪತ್ರವನ್ನೂ ಮೊದಲೇ ಬರೆಸಿಟ್ಟುಕೊಳ್ಳಿ. ಆಮೇಲೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಪಹಣಿ, ಜಮೀನಿನ ಕೈನಕ್ಷೆ, ಆಧಾರ್, ಪಾಸ್‌ಬುಕ್ ಪ್ರತಿ, ಫೋಟೋ, 10 ರೂಪಾಯಿ ನೋಂದಣಿ ಶುಲ್ಕ. ಮುಂಗಾರಿಗೆ ಮುಂಚೆಯೇ ಹೋಗಿ, ತಡವಾದರೆ ಬೇಕಾದ ಜಾತಿ ನರ್ಸರಿಯಲ್ಲಿ ಉಳಿದಿರಲ್ಲ.

ಹಣ ತಪ್ಪುವುದು ಹೆಚ್ಚಾಗಿ ಬ್ಯಾಂಕಿನಲ್ಲಿ. ಆಧಾರ್ ಎರಡು ಖಾತೆಗೆ ಜೋಡಣೆಯಾಗಿದ್ದರೂ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಅನ್ನೋ ದಾಖಲೆ) ಇರುವುದು ಒಂದಕ್ಕೇ. ಆಧಾರ್ ಮೂಲಕ ಬರುವ ಹಣ ಆ ಖಾತೆಗೇ ಹೋಗುತ್ತೆ, ಪಾಸ್‌ಬುಕ್ ಪ್ರತಿ ಯಾವುದು ಕೊಟ್ಟಿದ್ದರೂ ಸರಿ.

ಹೊಂಗೆನೆರಳು:
ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣು ಬೇರೆ ತೆಗೆದಿಟ್ಟು ಗೊಬ್ಬರದ ಜೊತೆ ಮೊದಲು ತುಂಬಿ. ಚೀಲ ಸೀಳಿ ಪೂರ್ತಿ ತೆಗೆಯಿರಿ. ಹಾಗೇ ನೆಟ್ಟರೆ ಬೇರು ಒಳಗೇ ಸುತ್ತಿಕೊಂಡು ಮೊದಲ ಬೇಸಿಗೆಗೇ ಗಿಡ ಒಣಗುತ್ತೆ.

ನಿಜವಾದ ನಷ್ಟ ರಾಗಿ ಕೊಯ್ದ ಮೇಲೆ. ಹೊಲ ಖಾಲಿ ಅಂತ ಕುರಿ, ಮೇಕೆ ಬಿಡ್ತಾರೆ. ಹೊಂಗೆ ಅಷ್ಟಾಗಿ ಮುಟ್ಟದಿದ್ದರೂ ಬೇವು, ಹಲಸು, ನೆಲ್ಲಿಯ ಚಿಗುರು ಬಿಡಲ್ಲ. ಅವಕ್ಕೆ ಜಾಲಿ ಮುಳ್ಳು ಕಟ್ಟಿ. ಬುಡದ ಸುತ್ತ ಮೂರು ಅಡಿ ಹುಲ್ಲು ಕೆತ್ತಿಡಿ, ಬೆಂಕಿ ಬಂದರೂ ಗಿಡ ಉಳಿಯುತ್ತೆ. ಎಣಿಸೋಕೆ ಬರುವಾಗ ನೀವೇ ಜೊತೆಗಿರಿ. ಕಳೆಯೊಳಗೆ ಮುಚ್ಚಿಹೋದ ಸಸಿ ಲೆಕ್ಕಕ್ಕೆ ಸಿಗಲ್ಲ.

ರಾಗಿಹೊಲ:
ತೇಗ ಮುಂದೆ ಕಡಿಯೋಕೆ ತೊಂದರೆ ಇದೆಯಾ?

ಬದುಮರ:
1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ತೇಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ನೀವೇ ನೆಟ್ಟದ್ದು ಅಂತ ತೋರಿಸೋಕೆ ನೋಂದಣಿ ರಸೀದಿ, ಸಸಿ ಕೊಂಡ ರಸೀದಿ ಎರಡನ್ನೂ ಪಹಣಿ ಜೊತೆ ಎತ್ತಿಡಿ.