ಕಾರ್ಯಾಗಾರದಲ್ಲಿ ಕೈ ಕೊಯ್ದುಕೊಂಡಾಗ ಸ್ಪಿರಿಟ್ ಮತ್ತು ಸೂಪರ್ ಗ್ಲೂ ಸರಿಯೇ?

ಪ್ರಶ್ನೆ: ಕೀಸುಳಿ

ನಾನು ಮರಗೆಲಸವನ್ನು ಹವ್ಯಾಸವಾಗಿ ಮಾಡುತ್ತೇನೆ. ನಾಲ್ಕು ದಿನಗಳ ಹಿಂದೆ ಉಳಿ ಜಾರಿ, ಎಡಗೈ ತೋರುಬೆರಳಿನ ಗೆಣ್ಣಿನ ಪಕ್ಕದಲ್ಲಿ ಒಂದು ಸೆಂಟಿಮೀಟರಿನಷ್ಟು ಕೊಯ್ಯಿತು. ಎಂದಿನಂತೆ ಸ್ಪಿರಿಟ್ ಸುರಿದು, ರಕ್ತ ನಿಂತಿತೇ ಎಂದು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುತ್ತಾ, ಕೊನೆಗೆ ಸೂಪರ್ ಗ್ಲೂ ಹಚ್ಚಿ ಕೆಲಸಕ್ಕೆ ಮರಳಿದೆ. ನಿನ್ನೆ ಬೆರಳು ಮಡಚಿದಾಗ ಅಂಟು ಸಿಡಿದು ಗಾಯ ಮತ್ತೆ ಬಾಯಿಬಿಟ್ಟಿತು. ಅಂಚು ತುಸು ಕೆಂಪಗಿದೆ; ಕೀವಾಗಲೀ ಊತವಾಗಲೀ ಇಲ್ಲ. ಇಂಥ ಗಾಯಗಳನ್ನು ನೋಡಿಕೊಳ್ಳುವ ಸರಿಯಾದ ಕ್ರಮ ಯಾವುದು? ಉಳಿಗೆ ತುಕ್ಕು ಹಿಡಿದಿರಲಿಲ್ಲವಾದ್ದರಿಂದ ಧನುರ್ವಾಯುವಿನ ಚುಚ್ಚುಮದ್ದು ಬೇಡವೆಂದು ತಿಳಿಯಬಹುದೇ?

ಉತ್ತರ: ಲೇತ್ ಕೆಲಸದವನು

ನಿಮ್ಮ ಮೊದಲ ತಪ್ಪು ಬಟ್ಟೆ ಎತ್ತಿ ನೋಡಿದ್ದು. ಶುದ್ಧವಾದ ಬಟ್ಟೆಯನ್ನು ಗಾಯದ ಮೇಲಿಟ್ಟು, ಕೈಯನ್ನು ಎದೆಗಿಂತ ಮೇಲಕ್ಕೆತ್ತಿ, ಗಡಿಯಾರ ನೋಡಿಕೊಂಡು 10 ನಿಮಿಷ ಒಂದೇ ಸಮನೆ ಒತ್ತಿ ಹಿಡಿಯಬೇಕು. ನಡುವೆ ಎತ್ತಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬಂದು ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಬೆರಳಲ್ಲಿ ಉಂಗುರವಿದ್ದರೆ ಊದಿಕೊಳ್ಳುವ ಮೊದಲೇ ತೆಗೆದುಬಿಡಿ.

ಆಮೇಲೆ ಹರಿಯುವ ನಲ್ಲಿ ನೀರಿನಲ್ಲಿ ಕೆಲವು ನಿಮಿಷ ಚೆನ್ನಾಗಿ ತೊಳೆದು, ಸುತ್ತಲಿನ ಚರ್ಮಕ್ಕಷ್ಟೇ ಸೋಪು ಹಚ್ಚಿದರೆ ಸಾಕು. ಸ್ಪಿರಿಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ಗಳು ರೋಗಾಣುಗಳ ಜೊತೆಗೆ ಗಾಯವನ್ನು ಕೂಡಿಸಬೇಕಾದ ಜೀವಕೋಶಗಳನ್ನೂ ಸುಡುತ್ತವೆ. ಉರಿದರೆ ಔಷಧಿ ಕೆಲಸ ಮಾಡುತ್ತಿದೆ ಎಂದು ನಾನೂ ವರ್ಷಗಟ್ಟಲೆ ನಂಬಿದ್ದೆ. ತೊಳೆದ ಗಾಯಕ್ಕೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಮುಚ್ಚಿಡಿ, ಏಕೆಂದರೆ ಗಾಳಿಗೆ ಬಿಟ್ಟು ಒಣಗಿಸಿದ ಗಾಯಕ್ಕಿಂತ ತೇವ ಉಳಿದ ಗಾಯವೇ ಬೇಗ ಮಾಯುತ್ತದೆ.

ಗೆಣ್ಣಿನ ಮೇಲೆ ಪಟ್ಟಿ ನಿಲ್ಲುವುದಿಲ್ಲವೆಂದು ಎಲ್ಲರೂ ದೂರುತ್ತಾರೆ. ಅಂಟುಪಟ್ಟಿಯ ಎರಡೂ ತುದಿಗಳನ್ನು ನಡುವಿನ ಹತ್ತಿಯವರೆಗೆ ಉದ್ದಕ್ಕೆ ಸೀಳಿ, ಹಾಗೆ ಸಿಕ್ಕ ನಾಲ್ಕು ಬಾಲಗಳಲ್ಲಿ ಎರಡನ್ನು ಗೆಣ್ಣಿನ ಮೇಲ್ಗಡೆಗೂ ಎರಡನ್ನು ಕೆಳಗಡೆಗೂ ಸುತ್ತಿ ಅಂಟಿಸಿದರೆ ಬೆರಳು ಮಡಚಿದರೂ ಪಟ್ಟಿ ಸರಿಯುವುದಿಲ್ಲ.

ಉತ್ತರ: ಪ್ರಥಮ ಚಿಕಿತ್ಸೆ

ಕಾರ್ಖಾನೆಯೊಂದರ ಚಿಕಿತ್ಸಾ ಕೊಠಡಿಯಲ್ಲಿ ಕೆಲಸ ಮಾಡಿದವಳಾದ್ದರಿಂದ ಉಳಿದ ಎರಡು ಅಂಶಗಳ ಬಗ್ಗೆ ಬರೆಯುತ್ತೇನೆ. ಆಸ್ಪತ್ರೆಗಳಲ್ಲಿ ಬಳಸುವ ಚರ್ಮದ ಅಂಟೂ ಸೂಪರ್ ಗ್ಲೂವಿನಂತೆ ಸಯನೋಅಕ್ರಿಲೇಟ್ ಕುಟುಂಬದ್ದೇ ಎಂಬುದು ನಿಜ. ಆದರೆ ಅದು ಬಾಗುವ ಗುಣವುಳ್ಳ ಬೇರೊಂದು ಬಗೆ. ಅಂಗಡಿಯ ಅಂಟು ಗಟ್ಟಿಯಾಗುವಾಗ ಬಿಸಿಯೇರಿ ಅಂಗಾಂಶವನ್ನು ಕೆರಳಿಸುತ್ತದೆ, ಒಳಗುಳಿದ ಕೊಳೆಯನ್ನೂ ಮುಚ್ಚಿಹಾಕುತ್ತದೆ. ವೈದ್ಯಕೀಯ ಅಂಟನ್ನು ಕೂಡ ಗಾಯದೊಳಕ್ಕೆ ಸುರಿಯುವುದಿಲ್ಲ. ಅಂಚುಗಳನ್ನು ಕೂಡಿಸಿ ಮೇಲೆ ಲೇಪಿಸುತ್ತಾರೆ, ಅದೂ ಸದಾ ಮಡಚುವ ಗೆಣ್ಣುಗಳ ಮೇಲೆ ಸಾಮಾನ್ಯವಾಗಿ ಬಳಸುವುದಿಲ್ಲ.

ಧನುರ್ವಾಯುವಿಗೆ ತುಕ್ಕು ಕಾರಣವಲ್ಲ. ಅದರ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಲ್ಲೂ ಧೂಳಿನಲ್ಲೂ ಇರುತ್ತವೆ, ಗಾಳಿಯಾಡದ ಆಳದ ಗಾಯದಲ್ಲಿ ಬೆಳೆಯುತ್ತವೆ. ಫಳಫಳಿಸುವ ಉಳಿಯಿಂದಲೂ ಅವು ಒಳಗೆ ಹೋಗಬಹುದು. ಮೂಲ ಲಸಿಕೆಗಳನ್ನು ಪೂರ್ಣವಾಗಿ ಪಡೆದವರಿಗೂ ಕೊನೆಯ ಚುಚ್ಚುಮದ್ದಿನಿಂದ, ಶುಚಿಯಾದ ಸಣ್ಣ ಗಾಯವಾದರೆ 10 ವರ್ಷ, ಕೊಳೆಯಾದ ಅಥವಾ ಆಳವಾದ ಗಾಯವಾದರೆ 5 ವರ್ಷ ಕಳೆದಿದ್ದರೆ ಮತ್ತೊಂದು ಬೇಕಾಗುತ್ತದೆ.

ನನ್ನ ಕಳವಳ ಬೇರೆಯದು. ಉಳಿಯ ಗಾಯ ಹೊರಗೆ ಕಿರಿದಾಗಿದ್ದು ಒಳಗೆ ಆಳವಾಗಿರಬಹುದು, ಬೆರಳಿನಲ್ಲಿ ಸ್ಪರ್ಶ ತಿಳಿಸುವ ನರವೂ ಬೆರಳನ್ನು ಮಡಚಿ ಚಾಚುವ ಸ್ನಾಯುರಜ್ಜುವೂ ಚರ್ಮದ ಕೆಳಗೇ ಇರುತ್ತವೆ. ಬೆರಳಿನ ಪ್ರತಿಯೊಂದು ಕೀಲನ್ನೂ ಬೇರೆಬೇರೆಯಾಗಿ ಮಡಚಿ ಚಾಚಿ ನೋಡಿ. ಬಳಿಕ ಕಣ್ಣು ಮುಚ್ಚಿ, ಬೆರಳತುದಿಯ ಎರಡೂ ಪಕ್ಕಗಳನ್ನು ಬೇರೆಯವರಿಂದ ಹಗುರವಾಗಿ ಮುಟ್ಟಿಸಿಕೊಳ್ಳಿ. ಎರಡರಲ್ಲಿ ಯಾವುದು ತಪ್ಪಿದರೂ ಅದು ಮನೆಮದ್ದಿನ ಗಾಯವಲ್ಲ.

ಉತ್ತರ: ಸ್ಪ್ರೇ ಗನ್

ಒಂದು ಸೇರ್ಪಡೆ. ಗ್ರೀಸ್ ಗನ್ ಅಥವಾ ಗಾಳಿರಹಿತ ಪೇಂಟ್ ಸ್ಪ್ರೇಯ ಒತ್ತಡದಿಂದ ಚರ್ಮದಲ್ಲಿ ಸೂಜಿಮೊನೆಯಷ್ಟು ತೂತಾದರೆ, ನೋವೇ ಇಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಒಳಹೊಕ್ಕ ದ್ರವ ಬೆರಳನ್ನೇ ಕಳೆಯಬಲ್ಲದು. ಇನ್ನು, ಬ್ಯಾಂಡೇಜಿನ ಸಡಿಲ ತುದಿಯೊಂದಿಗೆ ತಿರುಗುವ ಯಂತ್ರದ ಬಳಿ ಹೋಗಬೇಡಿ.

ಪ್ರತಿಕ್ರಿಯೆ: ಕೀಸುಳಿ

ಎಲ್ಲರಿಗೂ ಧನ್ಯವಾದಗಳು. ಕೀಲುಗಳು ಸರಿಯಾಗಿ ಮಡಚುತ್ತಿವೆ. ಆದರೆ ಮಗಳಿಂದ ಮುಟ್ಟಿಸಿಕೊಂಡಾಗ, ಹೆಬ್ಬೆರಳಿನ ಕಡೆಯ ಪಕ್ಕದಲ್ಲಿ ಅವಳು ಮೂರು ಬಾರಿ ಮುಟ್ಟಿದ್ದರೂ ನಾನು ಒಂದೇ ಬಾರಿ ಎಂದೆ. ಅಂಟಿನಿಂದ ಚರ್ಮ ದಡ್ಡುಗಟ್ಟಿರಬಹುದೆಂದು ಇಷ್ಟು ದಿನ ಅಂದುಕೊಂಡಿದ್ದೆ. ಕೊನೆಯ ಚುಚ್ಚುಮದ್ದು ಯಾವ ವರ್ಷದ್ದೆಂದೂ ನೆನಪಿಲ್ಲ. ಈಗಲೇ ವೈದ್ಯರ ಬಳಿಗೆ ಹೊರಟಿದ್ದೇನೆ.