ಕಥೆಯಲ್ಲಿ ಮುಸ್ಲಿಂ ಪಾತ್ರ ಬಂದ ಕೂಡಲೇ ಅನುಮಾನವೂ ಬರಬೇಕಾ?

ಶಿಡ್ಲಘಟ್ಟದ ಓದುಗಿ:
ನಮ್ಮಪ್ಪ ರೇಷ್ಮೆ ರೀಲರ್, ಗೂಡಿನಿಂದ ನೂಲು ತೆಗೆಯುವವರು. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡು ಕೊಂಡು ತಂದರೆ, ಆಮೇಲೆ ದಿನವಿಡೀ ಬಿಸಿನೀರಿನ ಮುಂದೆ. ಬೆರಳ ತುದಿಗಳು ಯಾವಾಗಲೂ ನೆನೆದು ಬೆಳ್ಳಗಿರುತ್ತವೆ. ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಹೋದ ತಿಂಗಳು ಕ್ಲಾಸಿನಲ್ಲಿ ಒಂದು ಹೊಸ ಕಾದಂಬರಿ ಚರ್ಚೆಗೆ ಬಂತು. ಅದರಲ್ಲಿರುವುದು ಒಬ್ಬನೇ ಮುಸ್ಲಿಂ ಹುಡುಗ. ಕೊನೆಗೆ ಬಾಂಬ್ ಇಡುವವನೂ ಅವನೇ. ಹೊರಗೆ ಬಂದ ಮೇಲೆ ಪಕ್ಕದಲ್ಲಿ ಕೂರುವ ಗೆಳತಿ ಕೇಳಿದಳು, "ನಿಮ್ಮ ಹುಡುಗರು ಯಾಕೆ ಹಾಗಾಗ್ತಾರೆ?" ನನಗೆ ಗೊತ್ತಿರುವ ಹುಡುಗರು ನೂಲಿನ ರೇಟು ಬಿದ್ದರೆ ಊಟ ಸೇರದವರು. ಬಾಯಿ ಕಟ್ಟಿಹೋಯಿತು. ಇದೆಲ್ಲ 2001ರ ಸೆಪ್ಟೆಂಬರ್ 11ರ ಅಮೆರಿಕದ ದಾಳಿಯ ನಂತರ ಶುರುವಾಗಿದ್ದಾ? ಈ ಅನುಮಾನವನ್ನೇ ಎದುರು ಹಾಕಿಕೊಂಡು ಬರೆದವರು ಇದ್ದಾರಾ?

ಕೋಲಾರದ ಕಡೆಯವನು:
ತುಂಬಾ ಹಳೆಯದು ತಂಗಿ. ನಮ್ಮೂರು ಬೂದಿಕೋಟೆ ಪಕ್ಕ. ಹೈದರಾಲಿ ಹುಟ್ಟಿದ್ದು ಅಲ್ಲೇ. ಸ್ಕಾಟ್ಲೆಂಡಿನ ಕಾದಂಬರಿಕಾರ ವಾಲ್ಟರ್ ಸ್ಕಾಟ್ 1827ರಲ್ಲಿ 'ದಿ ಸರ್ಜನ್ಸ್ ಡಾಟರ್' ಅನ್ನುವ ಕಥೆ ಬರೆದ. ಭಾರತದ ನೆಲ ಮೆಟ್ಟಿದವನೇ ಅಲ್ಲ. ಅದರಲ್ಲಿ ಸ್ಕಾಟ್ಲೆಂಡಿನ ಹುಡುಗಿಯೊಬ್ಬಳನ್ನು ಟಿಪ್ಪುವಿಗೆ ಒಪ್ಪಿಸುವ ಸಂಚು ನಡೆಯುತ್ತದೆ. ಹೈದರ್ ಫಕೀರನ ವೇಷದಲ್ಲಿದ್ದು, ಸಂಚುಗಾರನನ್ನು ಆನೆಯಿಂದ ತುಳಿಸುತ್ತಾನೆ. ಆ ಸಂಚುಗಾರ ಸ್ಕಾಟ್ಲೆಂಡಿನಲ್ಲೇ ಬೆಳೆದವನು, ಅವಳನ್ನು ಮದುವೆಯಾಗಬೇಕಿದ್ದವನು. ಆದರೂ ಓದಿದವರ ತಲೆಯಲ್ಲಿ ಉಳಿಯುವುದು ಜನಾನಾ, ಅಂದರೆ ಅಂತಃಪುರ, ಮತ್ತು ಆನೆ. 1799ರಲ್ಲಿ ಶ್ರೀರಂಗಪಟ್ಟಣ ಗೆದ್ದವರಿಗೆ ಅಂಥ ಕಥೆ ಬೇಕಿತ್ತು. ವಿಮರ್ಶಕ ಎಡ್ವರ್ಡ್ ಸೈದ್ 1978ರ 'ಓರಿಯಂಟಲಿಸಂ'ನಲ್ಲಿ ಹೇಳಿದ್ದು ಇದನ್ನೇ. ಆಳಬೇಕಾದವರನ್ನು ಮೊದಲು ಒಂದು ಥರ ಚಿತ್ರಿಸಬೇಕು. ಆಳಿದವರು ಹೋದರು, ಚಿತ್ರ ನಮ್ಮ ಕೈಗೆ ಬಂತು. ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ, ಅದು ನನಗೆ ಜಾಸ್ತಿ ನೋವು.

ತುಮಕೂರಿನ ಮೇಷ್ಟ್ರು:
ಕಮಿಲಾ ಶಮ್ಸಿ ಅವರ 'ಹೋಮ್ ಫೈರ್' ಕಾದಂಬರಿ ಓದಮ್ಮ. 2017ರದು. ಮೊದಲ ಪುಟಗಳಲ್ಲೇ ಇಸ್ಮಾ ಎಂಬ ಮುಸ್ಲಿಂ ಹೆಣ್ಣುಮಗಳನ್ನು ಲಂಡನ್ ವಿಮಾನ ನಿಲ್ದಾಣದಲ್ಲಿ ಕೂರಿಸಿ ವಿಚಾರಿಸುತ್ತಾರೆ. ರಾಣಿಯ ಬಗ್ಗೆ ಏನನ್ನಿಸುತ್ತದೆ ಅಂತೆಲ್ಲ ಪ್ರಶ್ನೆ. ಅವಳು ತಂಗಿಯ ಜೊತೆ ಉತ್ತರಗಳನ್ನು ಮನೆಯಲ್ಲೇ ಅಭ್ಯಾಸ ಮಾಡಿ ಬಂದಿರುತ್ತಾಳೆ! ಆದರೂ ವಿಮಾನ ತಪ್ಪುತ್ತದೆ. ಅವಳ ತಮ್ಮ ದಾರಿ ತಪ್ಪಿದವನೇ. ಅದನ್ನು ಮುಚ್ಚಿಡದೆ, ಅವನ ಹೆಣಕ್ಕಾಗಿ ಇಸ್ಮಾಳ ಆ ತಂಗಿ ಬೀದಿಗೆ ಇಳಿಯುವುದನ್ನು ಬರೆದಿದ್ದಾರೆ.

ಇನ್ನೊಂದು ಮಾತು. ನಮ್ಮ ಕಥೆಗಳಲ್ಲಿ ಒಬ್ಬ 'ಒಳ್ಳೆಯ ಸಾಬರು' ಬರುತ್ತಾರಲ್ಲ, ಸಿಕ್ಕಿದ ದುಡ್ಡನ್ನು ತಂದು ಕೊಡುವವರು, ಅದೂ ನನಗೆ ಆ ವಿಮಾನ ನಿಲ್ದಾಣದ ಥರವೇ ಕಾಣುತ್ತದೆ. ಪಾಸಾದರೆ ಮಾತ್ರ ಒಳಗೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾನು ಕುಣಿದಾಡಿದ್ದು ಇದಕ್ಕೇ. ಅವರ ಹೆಂಗಸರು ಗಂಡನ ಮೇಲೆ, ಮಸೀದಿಯ ಹಿರಿಯರ ಮೇಲೆ ಸಿಟ್ಟಾಗುತ್ತಾರೆ. ಯಾರಿಗೂ ಪರೀಕ್ಷೆ ಕೊಡುತ್ತಾ ಕೂರುವುದಿಲ್ಲ.

ಶಿಡ್ಲಘಟ್ಟದ ಓದುಗಿ:
ಮೇಷ್ಟ್ರೇ, ನೀವು ಹೇಳಿದ ಮೇಲೆ ಹೊಳೆಯಿತು. ಮೇಲೆ ನಾನು ಅಪ್ಪನ ಬೆರಳಿನ ಬಗ್ಗೆ ಬರೆದಿದ್ದೂ ಪರೀಕ್ಷೆಗೆ ಉತ್ತರವೇ ಅಲ್ವಾ? ನಮ್ಮಪ್ಪ ಮುಂಗೋಪಿ. ಕೆಜಿಗೆ ಐದು ರೂಪಾಯಿ ಹೆಚ್ಚುಕಮ್ಮಿಯಾದರೆ ರೈತರ ಜೊತೆ ಜಗಳ. ಸಂಜೆ ಅದೇ ರೈತರ ಜೊತೆ ಟೀ. ಸಾಲದವರು ಫೋನ್ ಮಾಡಿದರೆ ನಮ್ಮ ಮೇಲೆ ರೇಗುತ್ತಾರೆ. ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿದ್ದೇನೆ. ಮೂರು ಪುಟ ಆಗಿದೆ.